ಅಂಟು ಕೊನೆಗೆ ಬರಲಿ

ಕಾಗದದಿಂದ ವೃತ್ತ, ತ್ರಿಕೋನಗಳನ್ನು ಕತ್ತರಿಸಿ ಕೊಲಾಜ್ (ಚೂರುಗಳನ್ನು ಜೋಡಿಸಿ ಅಂಟಿಸಿದ ಚಿತ್ರ) ಮಾಡಿಸುವ ತರಗತಿಯಲ್ಲಿ ಅಂಟನ್ನು ಮೊದಲೇ ಹಂಚಬಾರದು. ಕೈಗೆ ಅಂಟು ಸಿಕ್ಕಿತೋ, ಮೊದಲ ವೃತ್ತ ಹಾಳೆಯ ನಟ್ಟನಡುವೆ ಕೂತುಬಿಡುತ್ತದೆ. ಆಮೇಲೆ ಸಮತೋಲನದ ಬಗ್ಗೆ ಎಷ್ಟು ಹೇಳಿದರೂ ಅಷ್ಟೇ. ಮೊನ್ನೆಯ ಎರಡು ಗಂಟೆಯ ಪಾಠದಲ್ಲೂ ಮುಕ್ಕಾಲು ಹೊತ್ತು ಹೋದದ್ದು ಕತ್ತರಿಸುವುದಕ್ಕೆ, ಸರಿಸುವುದಕ್ಕೆ, ತೆಗೆದುಹಾಕುವುದಕ್ಕೆ.

ಒಬ್ಬೊಬ್ಬರಿಗೆ ಎ4 ಅಳತೆಯ ಬಿಳಿ ಕಾರ್ಡ್ ಒಂದು (200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ ದಪ್ಪದ್ದು, ಆದರೆ ಸುಲಭವಾಗಿ ಸುರುಳಿಯಾಗದು), 120 ಜಿಎಸ್‌ಎಂನ ಕಪ್ಪು ಹಾಳೆ ಒಂದು, ಬೂದು ಹಾಳೆ ಅರ್ಧ, ಕೆಂಪು ಮಾತ್ರ ಅಂಗೈ ಅಗಲ. ಬಣ್ಣದ ಕಟ್ಟನ್ನೇ ಮುಂದಿಟ್ಟರೆ ಮಕ್ಕಳು ಆಕಾರ ಬಿಟ್ಟು ಬಣ್ಣ ಆರಿಸುತ್ತಾ ಕೂರುತ್ತಾರೆ. ಹೊಳಪಿನ ಕಾಗದವೂ ಬೇಡ, ಬೆಳಕು ಬಿದ್ದ ಕಡೆ ಕಪ್ಪೇ ಬೆಳ್ಳಗೆ ಕಾಣುತ್ತದೆ.

ಪೆನ್ಸಿಲ್ ಇಲ್ಲ. ಗೆರೆ ಎಳೆದರೆ ಕತ್ತರಿ ಗೆರೆಗೆ ಅಂಜಿಕೊಂಡು ಹೋಗುತ್ತದೆ. ತಿರುವು ಬಂದಾಗ ಕತ್ತರಿಯನ್ನಲ್ಲ, ಕಾಗದವನ್ನು ತಿರುಗಿಸಬೇಕು. ಅಲಗನ್ನು ತುದಿಯವರೆಗೂ ಮುಚ್ಚಿ ತೆರೆದರೆ ಅಂಚು ಹಲ್ಲುಹಲ್ಲಾಗುತ್ತದೆ. ಆಕಾರಗಳಲ್ಲಿ ಅಂಗೈಯಷ್ಟು ದೊಡ್ಡದು ಒಂದು, ಅದರ ಅರ್ಧದವು ಎರಡು ಮೂರು, ಹೆಬ್ಬೆರಳ ಉಗುರಿನಷ್ಟವು ಐದಾರು. ಈ ಲೆಕ್ಕ ಹೇಳದಿದ್ದರೆ ಎಲ್ಲವೂ ಬಿಸ್ಕತ್ತಿನಂತೆ ಒಂದೇ ಅಳತೆಗೆ ಬರುತ್ತವೆ. ಉಳಿದ ಚೂರನ್ನು ಎಸೆಯಬಾರದು: ವೃತ್ತ ತೆಗೆದ ತೂತಿನ ಕಾಗದವನ್ನು ವೃತ್ತದ ಪಕ್ಕದಲ್ಲೇ ಇಟ್ಟರೆ, ಖಾಲಿ ಜಾಗಕ್ಕೂ ಆಕಾರವಿದೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ. ಬೋರ್ಡಿನ ಮೇಲೆ ನೆಗೆಟಿವ್ ಸ್ಪೇಸ್ ಅಂತ ಬರೆಯುವುದು ಆಮೇಲಾದರೂ ಆದೀತು.

ಅವತ್ತಿನ ಒಂದು ಹಾಳೆಯಲ್ಲಿ ಕಪ್ಪು ತ್ರಿಕೋನದ ಮೂತಿ ಬೂದು ವೃತ್ತದ ಅಂಚಿಗೆ ತಾಗಿಯೂ ತಾಗದಂತೆ ನಿಂತಿತ್ತು. ಕಣ್ಣು ಬೇರೆಲ್ಲೂ ಹೋಗದೆ ಆ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ದೂರ ಸರಿಸಬೇಕು, ಇಲ್ಲವೇ ಧೈರ್ಯವಾಗಿ ಒಂದರ ಮೇಲೊಂದು ಏರಿಸಬೇಕು. ಎರಡು ಸೆಂಟಿಮೀಟರ್ ಏರಿಸಿದ್ದೇ ತಡ, ತ್ರಿಕೋನ ಮುಂದೆ ಬಂತು, ವೃತ್ತ ಹಿಂದೆ ಹೋಯಿತು. ವೃತ್ತವೂ ಕಪ್ಪಾಗಿದ್ದರೆ ಎರಡೂ ಕೂಡಿ ಒಂದೇ ಮುದ್ದೆಯಾಗುತ್ತಿತ್ತು. ಆಮೇಲೆ ವೃತ್ತವನ್ನೇ ಹಾಳೆಯ ಎಡ ಅಂಚಿನಿಂದಾಚೆ ಅರ್ಧ ನೂಕಿದಾಗ ಬಲಗಡೆ ಪೂರ್ತಿ ಬರಿದಾಯಿತು. ಉಗುರಿನಷ್ಟು ಕೆಂಪು ಚೂರೊಂದನ್ನು ಬಲ ಮೂಲೆಯ ಹತ್ತಿರ ಇಟ್ಟರೆ ಸಾಕಾಯಿತು. ಸುತ್ತ ಏನೂ ಇಲ್ಲದ್ದರಿಂದ ಅದಕ್ಕೆ ಅಷ್ಟು ತೂಕ. ಇದನ್ನು ಬಾಯಲ್ಲಿ ಹೇಳಿ ನಂಬಿಸುವುದು ಕಷ್ಟ, ಚೂರನ್ನು ತೆಗೆದು ಮತ್ತೆ ಇಟ್ಟರೆ ಸಾಕು.

ಎರಡು ವೃತ್ತ ಮೇಲೆ, ಒಂದು ತ್ರಿಕೋನ ಕೆಳಗೆ ಬಂದರೆ ಮುಖ ಕಾಣಿಸಿಕೊಳ್ಳುತ್ತದೆ, ಇಡೀ ಬೆಂಚು ನಗುತ್ತದೆ, ಆಮೇಲೆ ಅದನ್ನು ಯಾರೂ ಆಕಾರಗಳಾಗಿ ನೋಡುವುದಿಲ್ಲ. ಹಾಳೆಯನ್ನು ತಲೆಕೆಳಗು ಮಾಡುವುದೇ ಮದ್ದು. ಭಾರ ಒಂದು ಕಡೆ ವಾಲಿದ್ದರೆ ಅದೂ ಹಾಗೆ ನೋಡಿದಾಗಲೇ ಬೇಗ ಗೊತ್ತಾಗುತ್ತದೆ.

ಫ್ರೆಂಚ್ ಚಿತ್ರಕಾರ ಆನ್ರಿ ಮಾತೀಸ್ ಕೊನೆಗಾಲದಲ್ಲಿ ಗ್ವಾಶ್ (ಮಂದವಾದ, ಹಿಂದಿನದು ಕಾಣದ ಜಲವರ್ಣ) ಬಳಿದ ಕಾಗದ ಕತ್ತರಿಸಿ, ಚೂರುಗಳನ್ನು ಸಹಾಯಕರಿಂದ ಗೋಡೆಗೆ ಪಿನ್ ಮಾಡಿಸಿ, ಮನಸ್ಸಿಗೆ ಒಪ್ಪುವವರೆಗೆ ಜಾಗ ಬದಲಿಸುತ್ತಿದ್ದರು. ತರಗತಿಯಲ್ಲಿ ಪಿನ್ನಿನ ಕೆಲಸವನ್ನು ಮೊಬೈಲ್ ಫೋಟೋ ಮಾಡುತ್ತದೆ. ಫೋಟೋ ತೆಗೆದ ಮೇಲೆ ಚೂರುಗಳನ್ನು ಎತ್ತಿ, ಕೆಳಗಿನ ಪದರದಿಂದ ಅಂಟಿಸುತ್ತಾ ಬರಬೇಕು. ಅಂಟು ಚೂರಿನ ಬೆನ್ನಿಗೆ, ರದ್ದಿ ಕಾಗದದ ಮೇಲಿಟ್ಟು, ನಡುವಿನಿಂದ ಅಂಚಿನಾಚೆಗೆ. ಬಿಳಿ ದ್ರವದ ಅಂಟಾದರೆ ನೀರು ಕುಡಿದ ಕಾಗದ ಉಬ್ಬುತ್ತದೆ, ಗ್ಲೂ ಸ್ಟಿಕ್ಕೇ ವಾಸಿ. ಹೆಸರನ್ನು ಹಿಂಬದಿಗೆ ಬರೆಸಿ. ಮುಂದಿನ ಮೂಲೆಯಲ್ಲಿ ಬರೆದ ಹೆಸರೂ ಒಂದು ಆಕಾರವೇ, ಅಷ್ಟು ಹೊತ್ತು ತೂಗಿಸಿದ್ದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.