ರಾಣಿ, ಕಮಿಷನರ್ ಮತ್ತು ನಮ್ಮ ದೊಡ್ಡಪ್ಪ

ಪ್ರತಿಮೆ ತೆಗೆಯಬೇಕಾ ಬೇಡವಾ ಅನ್ನುವ ಜಗಳ ಟಿವಿಯಲ್ಲಿ ಬಂದರೆ ನಾನು ಚಾನೆಲ್ ಬದಲಾಯಿಸುತ್ತೇನೆ. ಯಾವ ಕಡೆಯವರು ಏನು ಹೇಳುತ್ತಾರೆ ಅಂತ ಬಾಯಿ ತೆರೆಯುವ ಮೊದಲೇ ಗೊತ್ತಿರುತ್ತದೆ. ಆದರೆ ಹೋದ ಚಳಿಗಾಲದಲ್ಲಿ ಮಧುಗಿರಿ ಕಡೆಯಿಂದ ದೊಡ್ಡಪ್ಪ ಬಂದಿದ್ದಾಗ ಒಂದು ಭಾನುವಾರ ಅದೇ ಜಗಳ ಕಬ್ಬನ್ ಪಾರ್ಕಿನಲ್ಲಿ ನಮ್ಮ ನಮ್ಮಲ್ಲೇ ಶುರುವಾಯಿತು. ಯಾರು ಯಾವ ಕಡೆ ನಿಲ್ಲುತ್ತಾರೆ ಅನ್ನುವ ನನ್ನ ಲೆಕ್ಕ ಮಾತ್ರ ಪೂರ್ತಿ ಉಲ್ಟಾ ಆಯಿತು.

ಎಂ.ಜಿ. ರಸ್ತೆ ಕಡೆಯಿಂದ ಒಳಗೆ ಹೋದರೆ ಮೊದಲು ಸಿಗುವುದು ವಿಕ್ಟೋರಿಯಾ ರಾಣಿ. ಬಿಳಿ ಅಮೃತಶಿಲೆ, ಎತ್ತರದ ಪೀಠ. 1906ರ ಫೆಬ್ರುವರಿಯಲ್ಲಿ ರಾಣಿಯ ಮೊಮ್ಮಗನೇ ಬಂದು ಅನಾವರಣ ಮಾಡಿದ್ದು, ಮುಂದೆ ಐದನೇ ಜಾರ್ಜ್ ಆದವನು. ಖರ್ಚು ಲಂಡನ್ನಿನಿಂದ ಬರಲಿಲ್ಲ. ಇಲ್ಲೇ ಚಂದಾ ಎತ್ತಿದರು, ಮೈಸೂರು ಮಹಾರಾಜರೂ ಕೊಟ್ಟರು. ಮಗಳು ಎಂಟನೇ ಕ್ಲಾಸು, ಫೋಟೋ ತೆಗೆಯಲು ಓಡಿದಳು.

ದೊಡ್ಡಪ್ಪ ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿದರು. "ಧಾತು ಈಶ್ವರ ಬರ ಬಂದಿದ್ದು ಇವಳ ಕಾಲ್ದಲ್ಲೇ ಅಲ್ವೇನವ್ವ?" ಅಂದರು.

ಹೌದು. 1876ರಿಂದ 78. ನಮ್ಮ ಕಡೆ ಇವತ್ತಿಗೂ ಹಿರಿಯರು ಆ ಬರವನ್ನು ಸಂವತ್ಸರದ ಹೆಸರಿನಲ್ಲೇ ನೆನೆಯುತ್ತಾರೆ. ದೊಡ್ಡಪ್ಪನ ಅಜ್ಜಿ ಅದನ್ನು ತಮ್ಮ ಅವ್ವನ ಬಾಯಲ್ಲಿ ಕೇಳಿದ್ದರಂತೆ. ಕಾಡಿನ ಗೆಡ್ಡೆ, ಸಿಕ್ಕಿದ ಸೊಪ್ಪು ಬೇಯಿಸಿ ತಿಂದಿದ್ದು, ಬಾಗಿಲು ಹಾಕಿಕೊಂಡು ಊರೇ ಖಾಲಿ ಆಗಿದ್ದು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ ಇದ್ದರು. 1881ರಲ್ಲಿ ಸುಮಾರು 42 ಲಕ್ಷ. ಆ ಹೊತ್ತಿನಲ್ಲಿ ಇಲ್ಲಿ ಆಳುತ್ತಿದ್ದದ್ದು ಒಡೆಯರೂ ಅಲ್ಲ, ನೇರವಾಗಿ ಬ್ರಿಟಿಷರೇ. 1831ರಲ್ಲಿ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರ ದಂಗೆಯ ನೆಪ ಹೇಳಿ ರಾಜ್ಯ ಕಿತ್ತುಕೊಂಡವರು ವಾಪಸ್ ಕೊಟ್ಟಿದ್ದು 1881ರಲ್ಲಿ. ಇಲ್ಲಿ ಜನ ಹಸಿದು ಸಾಯುತ್ತಿರುವಾಗ, 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ದೊಡ್ಡ ದರ್ಬಾರ್ ಮಾಡಿ ಇದೇ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದ. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಫೋನು ಕೆಳಗಿಳಿಸಿ, "ಮತ್ತೆ ಇನ್ನೂ ಯಾಕೆ ಇಟ್ಟಿದ್ದಾರೆ?" ಅಂದಳು. ನನಗೂ ಅದೇ ಅನ್ನಿಸಿತು. ದೊಡ್ಡಪ್ಪನೂ ಹೌದು ಅನ್ನುತ್ತಾರೆ ಅಂದುಕೊಂಡೆ.

"ಇರ್ಲಿ ಬುಡು. ತೆಗೆದ್ಬುಟ್ರೆ ಯಾರನ್ನ ಬೈಯೋದು?" ಅಂದರು.

ಭಾನುವಾರ ಒಳಗೆ ಗಾಡಿ ಬಿಡುವುದಿಲ್ಲ, ಹಾಗಾಗಿ ರಸ್ತೆ ಮಧ್ಯದಲ್ಲೇ ವಾದ ಮಾಡುತ್ತಾ ನಡೆದೆವು. ಪಾರ್ಕಿನ ಅಧಿಕೃತ ಹೆಸರು 1927ರಿಂದ ಶ್ರೀ ಚಾಮರಾಜೇಂದ್ರ ಪಾರ್ಕ್, ಅದು ಯಾವ ಆಟೋದವರಿಗೂ ಗೊತ್ತಿಲ್ಲ, ಅದು ಬಿಡಿ. ಕಬ್ಬನ್ ಸಾಹೇಬರನ್ನೇ ನೋಡೋಣ ಅಂತ ಹುಡುಕಿಕೊಂಡು ಹೋದೆವು. ಕುದುರೆ ಮೇಲೆ ಕೂತ ಈ ಪ್ರತಿಮೆ ಬಹಳ ಕಾಲ ಹೈಕೋರ್ಟಿನ, ಅಂದರೆ ಅಠಾರಾ ಕಚೇರಿಯ ಅಂಗಳದಲ್ಲಿತ್ತು. 2020ರ ಜೂನ್‌ನಲ್ಲಿ, ಊರೆಲ್ಲ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದಾಗ, ಅಲ್ಲಿಂದ ಎತ್ತಿ ಪಾರ್ಕಿನೊಳಗೆ ತಂದಿಟ್ಟರು.

ಮಾರ್ಕ್ ಕಬ್ಬನ್ ವಿಷಯ ರಾಣಿಯಷ್ಟು ಸಲೀಸಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಕಪ್ಪ ತಪ್ಪದೆ ಹೋಗುವ ಹಾಗೆ ನೋಡಿಕೊಂಡ ಮನುಷ್ಯ. ಅದೇ ಮನುಷ್ಯನ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಮಗುವಿನ ತಲೆ ಬೋಳಿಸಿದರೂ ತೆರಿಗೆ ಇತ್ತು. ಈ ಪಟ್ಟಿ ಕೇಳಿ ದೊಡ್ಡಪ್ಪ ಜೋರಾಗಿ ನಕ್ಕರು, ಪಕ್ಕದಲ್ಲಿ ಚಾಪೆ ಹಾಸಿಕೊಂಡು ಓದುತ್ತಿದ್ದ ಹುಡುಗರು ತಿರುಗಿ ನೋಡಿದರು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕಬ್ಬನ್‌ನನ್ನು ಕೋರ್ಟಿನ ಅಂಗಳದಿಂದ ತೆಗೆದದ್ದು ಸರಿ. ನ್ಯಾಯ ಕೇಳಲು ಬಂದವನು ಮೊದಲು ಕಂಪನಿ ಸರ್ಕಾರದ ಕಮಿಷನರನ್ನು ತಲೆಯೆತ್ತಿ ನೋಡಬೇಕಾ? ಪಾರ್ಕಿನಲ್ಲಿ ಇರುವುದೂ ಸರಿ, ಇಲ್ಲಿ ಯಾರೂ ಅವನಿಗೆ ತಲೆಬಾಗುವುದಿಲ್ಲ, ಹೆಚ್ಚೆಂದರೆ ಸೆಲ್ಫಿ ತೆಗೆಯುತ್ತಾರೆ. ರಾಣಿಯ ಮಾತು ಬೇರೆ. ಅವಳಿರುವುದು ಊರಿನ ಹೆಬ್ಬಾಗಿಲಿನಂಥ ಜಾಗದಲ್ಲಿ, ಮರ್ಯಾದೆಯ ಜಾಗದಲ್ಲಿ. ಅವಳನ್ನು ತೆಗೆಯಬೇಕು. ಒಡೆಯುವುದು ಬೇಡ. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ಮ್ಯೂಸಿಯಂ ನಡೆದು ಹೋಗುವಷ್ಟು ದೂರದಲ್ಲಿದೆ. ಅಲ್ಲಿಗೆ ಸಾಗಿಸಿ, ನೆಲದ ಮಟ್ಟದಲ್ಲಿ ನಿಲ್ಲಿಸಿ.

ಇದನ್ನೇ ಹೇಳಿದ್ದಕ್ಕೆ ದೊಡ್ಡಪ್ಪ ಒಂದು ಹಳೆಯ ಕಥೆ ತೆಗೆದರು. ಅರವತ್ತರ ದಶಕದಲ್ಲಿ ಅವರು ಇಲ್ಲೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ಕಾರ್ಪೊರೇಷನ್ ಕಚೇರಿಯ ಹತ್ತಿರ ಆಗ ಒಂದು ಎತ್ತರದ ಸ್ಮಾರಕ ಸ್ತಂಭ ಇತ್ತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಬೆಂಗಳೂರು ಕೋಟೆ ಮುತ್ತಿದಾಗ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ನಿಲ್ಲಿಸಿದ್ದು. ನಮ್ಮ ಊರನ್ನು ಹೊಡೆದವರಿಗೆ ನಮ್ಮ ಊರಲ್ಲೇ ಕಂಬ ಯಾಕೆ ಅಂತ ಗಲಾಟೆ ಆಗಿ 1964ರಲ್ಲಿ ಕೆಡವಿಸಿದರು.

"ಆಗ ನಮ್ಗೆ ಭಾರಿ ಖುಷಿ. ಹಾಸ್ಟೆಲ್ನಾಗೆ ಎಲ್ರೂ ಅದೇ ಮಾತು. ಈಗ ಅಲ್ಲಿ ಏನಿತ್ತು ಅಂತ ಈ ಮಗೀಗೆ ತೋರ್ಸಕ್ಕೆ ಒಂದು ಕಲ್ಲೂ ಇಲ್ಲ. ಕೋಟೆ ಕಾಯ್ತಾ ಸತ್ನಲ್ಲ ನಮ್ಮ ಕಿಲ್ಲೇದಾರ, ಅವನ ಹೆಸ್ರು ಹೇಳು ನೋಡಾನ?"

ಬಹಾದುರ್ ಖಾನ್. ನನಗೆ ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ. ಕಂಬ ಇದ್ದಿದ್ದರೆ ಗೊತ್ತಿರುತ್ತಿತ್ತಾ? ಅದರ ಮೇಲೆ ಇದ್ದದ್ದು ಅವರ ಕಡೆಯವರ ನೆನಪು ತಾನೆ. ಆದರೂ ದೊಡ್ಡಪ್ಪನ ಮಾತಿನಲ್ಲಿ ಹುರುಳಿತ್ತು. ಇವರು ಯಾರು, ಯಾಕೆ ಸತ್ತರು, ಎದುರಿಗಿದ್ದವರು ಯಾರು ಅಂತ ಕೇಳುವುದಕ್ಕಾದರೂ ಕಣ್ಣೆದುರು ಒಂದು ವಸ್ತು ಬೇಕಲ್ಲ.

ಹಾಗಂತ ನಾನು ಸುಮ್ಮನಾಗಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಉದಾಹರಣೆ ಹೇಳಿದೆ. ನಮ್ಮ ಕಬ್ಬನ್ ಜಾಗ ಬದಲಾಯಿಸಿದ ಅದೇ ತಿಂಗಳು, 2020ರ ಜೂನ್ 7ರಂದು, ಅಲ್ಲಿಯ ಜನ ಎಡ್ವರ್ಡ್ ಕೋಲ್‌ಸ್ಟನ್ ಅನ್ನುವ ಗುಲಾಮರ ವ್ಯಾಪಾರಿಯ ಪ್ರತಿಮೆಗೆ ಹಗ್ಗ ಕಟ್ಟಿ ಉರುಳಿಸಿ ಬಂದರಿನ ನೀರಿಗೆ ತಳ್ಳಿದರು. ಕೆಲವೇ ದಿನದಲ್ಲಿ ಅದನ್ನು ಮೇಲೆತ್ತಿದರು. ಮರುವರ್ಷ ಅಲ್ಲಿಯ ಮ್ಯೂಸಿಯಂನಲ್ಲಿ, ಜನ ಬಳಿದ ಬಣ್ಣ ತೊಳೆಯದೆ, ಮಲಗಿಸಿಯೇ ಪ್ರದರ್ಶನಕ್ಕೆ ಇಟ್ಟರು. ಅವನು ಯಾರು, ಯಾಕೆ ನಿಲ್ಲಿಸಿದ್ದರು, ಯಾಕೆ ಬೀಳಿಸಿದರು, ಮೂರೂ ಒಟ್ಟಿಗೆ ಗೊತ್ತಾಗುತ್ತದೆ. ಪೀಠದ ಮೇಲಿದ್ದಾಗ ಇದು ಗೊತ್ತಾಗುತ್ತಿತ್ತಾ?

"ಸರಿ, ರಾಣಿನ ಮ್ಯೂಸಿಯಂಗೆ ಕಳ್ಸಿದೆ ಅನ್ಕೋ. ಆ ಜಾಗಕ್ಕೆ ಯಾರು?" ಅಂದರು ದೊಡ್ಡಪ್ಪ.

ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ದೆಹಲಿಯ ಇಂಡಿಯಾ ಗೇಟ್ ಹತ್ತಿರದ ಮಂಟಪದಿಂದ ಐದನೇ ಜಾರ್ಜ್‌ನನ್ನು 1968ರಲ್ಲಿ ತೆಗೆದು ಕೊರೊನೇಷನ್ ಪಾರ್ಕಿಗೆ ಸಾಗಿಸಿದ ಮೇಲೆ ಆ ಮಂಟಪ ಅರ್ಧ ಶತಮಾನ ಖಾಲಿ ಇತ್ತು. 2022ರಲ್ಲಿ ಅಲ್ಲಿಗೆ ನೇತಾಜಿ ಬಂದರು. ಕೆತ್ತಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಅಂತ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಬೆಂಗಳೂರಿನಲ್ಲಿ ಒಂದು ಪೀಠ ಖಾಲಿ ಆದರೆ ಐವತ್ತು ವರ್ಷ ಇರಲಿ, ಐವತ್ತು ದಿನವೂ ಬಿಡುವುದಿಲ್ಲ. ಜಾತಿಗೊಂದು, ಪಕ್ಷಕ್ಕೊಂದು ಹೆಸರು ಹಿಡಿದುಕೊಂಡು ಕ್ಯೂ ನಿಲ್ಲುತ್ತಾರೆ.

"ಖಾಲಿ ಬಿಡಬೇಕು. ಪೀಠ ಮಾತ್ರ ಇರಲಿ," ಅಂದೆ.

"ಬುಡ್ತಾರಾ?"

ಬಿಡುವುದಿಲ್ಲ, ನನಗೂ ಗೊತ್ತು. ಅಷ್ಟರಲ್ಲಿ ಮಗಳು ನಮ್ಮಿಬ್ಬರ ಜಗಳ ಕೇಳಿ ಸಾಕಾಗಿ, ತೆಗೆದರೂ ಬೋರ್ಡ್ ಬೇಕು, ಬಿಟ್ಟರೂ ಬೋರ್ಡ್ ಬೇಕು, ಮೊದಲು ಅದನ್ನು ಬರೆಯೋಣ ಅಂದಳು. ಬೆಂಚಿನ ಮೇಲೆ ಕೂತು ಫೋನಿನಲ್ಲೇ ಶುರು ಮಾಡಿದಳು. ಮೊದಲ ಸಾಲು ರಾಣಿಯ ಹೆಸರು, ಎರಡನೇ ಸಾಲು 1871ರ ಜನಸಂಖ್ಯೆ, ಮೂರನೇ ಸಾಲು 1881ರದ್ದು. ನಾನು ದರ್ಬಾರಿನ ತಾರೀಖು ಸೇರಿಸು ಅಂದೆ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಎಲ್ಲ ಓದಿ, "ಇದಕ್ಕೆ ಚಂದಾ ಕೊಟ್ಟೋರು ನಾವೇ ಅಂತಾನೂ ಹಾಕವ್ವ" ಅಂದರು. ಅವಳು ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿದಳು.