ಕೊನೆ ಪೀರಿಯಡ್ಡಿನ ಗಣಿತ

ಎರಡು ವರ್ಷ ನಾನು ನಮ್ಮ ಸರ್ಕಾರಿ ಪ್ರೌಢಶಾಲೆಯ ಪ್ರಭಾರ ಎಚ್‌ಎಂ, ಅಂದರೆ ಮುಖ್ಯೋಪಾಧ್ಯಾಯ ಆಗಿದ್ದೆ. ಹುದ್ದೆ ಖಾಲಿ ಇತ್ತು, ಇದ್ದವರಲ್ಲಿ ನಾನೇ ಸೀನಿಯರ್. ನನ್ನ ಅರ್ಹತೆ ಅಷ್ಟೇ. ಪಾಠ ಮಾಡೋದು ಗಣಿತ.

ಬೀಗದಕೈ ಗೊಂಚಲಿನ ಜೊತೆ ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಎಂಟ್ರಿ, ಸಂಬಳದ ಬಿಲ್ಲು ಎಲ್ಲಾ ಬಂದವು. ವಾರಕ್ಕೆ ಒಂದೆರಡು ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಮೀಟಿಂಗ್ ಬೇರೆ. ಹಾಗಾಗಿ ಹತ್ತನೇ ಕ್ಲಾಸಿನ ಗಣಿತವನ್ನು ಕೊನೆ ಪೀರಿಯಡ್ಡಿಗೆ ಹಾಕಿಕೊಂಡಿದ್ದೆ. ಬೆಳಿಗ್ಗೆ ಎಲ್ಲಿಗೆ ಓಡಿದರೂ ಸಂಜೆಯೊಳಗೆ ವಾಪಸ್ ಬರಬಹುದು ಅಂತ. ಬರುತ್ತಲೂ ಇದ್ದೆ. ಆದರೆ ಅಷ್ಟು ಹೊತ್ತಿಗೆ ಬೆಲ್ಲಿಗೆ ಇಪ್ಪತ್ತು ನಿಮಿಷ ಉಳಿದಿರುತ್ತಿತ್ತು.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಪರೀಕ್ಷಾ ಕೊಠಡಿಯ ಮೇಲೆ ಕ್ಯಾಮೆರಾ ಕಣ್ಣು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ. ನಮ್ಮಲ್ಲಿ ಹದಿಮೂರು ಮಕ್ಕಳು ಫೇಲಾದರು, ಹೆಚ್ಚಿನವರು ಗಣಿತದಲ್ಲೇ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕ್ಯಾಮೆರಾವನ್ನು ಬೈದೆವು. ನಾನು ಸ್ವಲ್ಪ ಜೋರಾಗಿಯೇ ಬೈದೆ.

ಜೂನ್ ಮೊದಲ ವಾರ ಕಾಯಂ ಎಚ್‌ಎಂ ಆಗಿ ಒಬ್ಬ ಮೇಡಂ ಬಂದರು. ಚಾರ್ಜ್ ಕೊಡಲು ಕ್ಯಾಶ್ ಬುಕ್, ದಾಸ್ತಾನು ವಹಿ ಎಲ್ಲಾ ಜೋಡಿಸಿಟ್ಟಿದ್ದೆ. ಸಹಿ ಹಾಕಿ ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಗೋಡೆಯ ಮೇಲಿದ್ದ ವೇಳಾಪಟ್ಟಿಯ ಮುಂದೆ ನಿಂತರು.

"ಸರ್, ಹತ್ತನೇ ಕ್ಲಾಸಿಗೆ ಗಣಿತ ಯಾಕೆ ಕೊನೆಗೆ?"

ಮೀಟಿಂಗಿನ ಕಥೆ ಹೇಳಿದೆ.

"ಅದು ನಿಮ್ಮ ತೊಂದರೆ ಆಯ್ತು. ಮಕ್ಕಳಿಗೆ?"

ಸಿಟ್ಟು ಬಂತು. ಎರಡು ವರ್ಷ ಕತ್ತೆ ಹಾಗೆ ದುಡಿದವನಿಗೆ ಬಂದ ದಿನವೇ ಕೇಳೋ ಮಾತಾ ಇದು? ಅವರು ಫೇಲಾದವರ ಪಟ್ಟಿ ಕೇಳಿದರು. ಇಬ್ಬರೂ ಕೂತು ಒಂದೊಂದೇ ಹೆಸರಿನ ಮುಂದೆ ಊರು ಬರೆದೆವು. ಎಂಟು ಮಂದಿ ಒಂದೇ ದಿಕ್ಕಿನವರು, ಸಂಜೆ ನಾಲ್ಕರ ಬಸ್ಸಿನವರು. ಅದು ತಪ್ಪಿದರೆ ಮತ್ತೆ ಬಸ್ಸಿಲ್ಲ. ಬೇಗ ಹೊರಡಲು ಪರ್ಮಿಷನ್ ಕೊಟ್ಟವನೂ ನಾನೇ. ಅಂದರೆ ನಾನು ಮೀಟಿಂಗ್ ಮುಗಿಸಿ ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಆ ಮಕ್ಕಳು ಬಸ್ ಹತ್ತಿ ಆಗಿರುತ್ತಿತ್ತು. ಪಟ್ಟಿ ನನ್ನ ಟೇಬಲ್ ಮೇಲೆ ಒಂದು ತಿಂಗಳಿಂದ ಇತ್ತು. ಊರು ಬರೆದು ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ.

ಮೇಡಂ ಏನೂ ಅನ್ನಲಿಲ್ಲ. ಗಣಿತವನ್ನು ಎರಡನೇ ಪೀರಿಯಡ್ಡಿಗೆ ತಂದರು. "ಮೀಟಿಂಗ್ ನನಗೆ ಬಿಡಿ, ನೀವು ಕ್ಲಾಸ್ ಬಿಡಬೇಡಿ" ಅಂದರು. ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2ಕ್ಕೆ ಇನ್ನು ಹತ್ತೇ ದಿನ ಇತ್ತು. ಆ ಎಂಟು ಮಂದಿಯಲ್ಲಿ ಅದಕ್ಕಾಗಿ ನಡೆಸುತ್ತಿದ್ದ ವಿಶೇಷ ತರಗತಿಗೆ ಬರುತ್ತಿದ್ದವರು ಇಬ್ಬರೇ. "ಉಳಿದವರ ಮನೆಗೆ ಹೋಗೋಣ್ವಾ?" ಅಂದರು. ನಾಳೆ ಅಂತಿರಬೇಕು ಅಂದುಕೊಂಡೆ. ಅವರು ಆಗಲೇ ಬ್ಯಾಗ್ ತೆಗೆದುಕೊಂಡಿದ್ದರು.

ನಾಲ್ಕರ ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತೆವು. ಟಿಕೆಟ್ ಹರಿಯುತ್ತಾ ಕಂಡಕ್ಟರ್ ನನ್ನ ಮುಖ ನೋಡಿದ.

"ಏನ್ ಮೇಷ್ಟ್ರೇ, ಈ ಬಸ್ಸಲ್ಲಿ ನಿಮ್ಮನ್ನ ಇವತ್ತೇ ನೋಡ್ತಿರೋದು. ಎಲ್ಲಿಗೆ?"

ಮೇಡಂ ಪಟ್ಟಿ ತೆಗೆದು ಊರಿನ ಹೆಸರು ಓದಿದರು.