ದುಬೈ ಫ್ಲಾಟು, ಮುಳುಗಡೆಯ ದುಡ್ಡು

ನಾನು ಬಾಗಲಕೋಟೆಯ ನವನಗರದಲ್ಲಿ ತೆರಿಗೆ ಲೆಕ್ಕ ನೋಡುವ ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ. ಕಿರಾಣಿ ಅಂಗಡಿಯವರು, ಮಾಸ್ತರರು, ಗೊಬ್ಬರದ ವ್ಯಾಪಾರಿಗಳು ಬರುತ್ತಾರೆ. ಇತ್ತೀಚೆಗೆ ದುಬೈ ಫ್ಲಾಟಿನ ಬಗ್ಗೆ ಕೇಳುವವರೂ ಬರತೊಡಗಿದ್ದಾರೆ. ನಮ್ಮೂರಿನ ಮಟ್ಟಿಗೆ ಇದೇನೂ ಅಚ್ಚರಿಯ ಮಾತಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ, ಅಂಗಡಿ ಕೊಟ್ಟವರ ಊರು ಇದು. ನವನಗರ ಹುಟ್ಟಿದ್ದೇ ಹಾಗೆ. ಪರಿಹಾರದ ದುಡ್ಡು ಒಮ್ಮೆಲೇ ಕೈಗೆ ಬಂದರೆ ಏನಾಗುತ್ತದೆ ಅನ್ನೋದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲವರು ಬೇರೆ ಕಡೆ ಹೊಲ ಹಿಡಿದರು. ಕೆಲವರು ಗಾಡಿ ತಗೊಂಡರು, ಜೋರಾಗಿ ಮದುವೆ ಮಾಡಿದರು, ನಾಲ್ಕಾರು ವರ್ಷದಲ್ಲಿ ಕೈ ಖಾಲಿ. ಹಾಗಾಗಿ ಯಾರಾದರೂ ಬಂದು, ಈ ದುಡ್ಡನ್ನು ಗಟ್ಟಿಯಾದ ಕಡೆ ಇಡಬೇಕು ಅಂದರೆ ನನಗೆ ಅವರ ಮೇಲೆ ಗೌರವವೇ ಹುಟ್ಟುತ್ತದೆ.

ಈ ಸಲ ಬಂದವರು ನನ್ನ ಕಾಕಾ. ಘಟಪ್ರಭೆಯ ದಂಡೆಯಲ್ಲಿದ್ದ ಹೊಲ ಕಳೆದುಕೊಂಡವರು. ಜೊತೆಗೆ ಕಾಕು, ಮತ್ತೆ ಪುಣೆಯಲ್ಲಿ ಕೆಲಸದಲ್ಲಿರುವ ಅವರ ಮಗ, ನನಗೆ ತಮ್ಮ. ಹಿಂದಿನ ದಿನ ತಂದೆ ಮಗ ಇಬ್ಬರೂ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ನಡೆದ ದುಬೈ ಆಸ್ತಿ ಮೇಳಕ್ಕೆ ಹೋಗಿ ಬಂದಿದ್ದರು. ಕೈಯಲ್ಲಿ ದಪ್ಪ ಹಾಳೆಯ ಬಣ್ಣಬಣ್ಣದ ಪುಸ್ತಕ. ಒಂದು ಬೆಡ್‌ರೂಮಿನ ಫ್ಲಾಟು, ಇನ್ನೂ ಕಟ್ಟುತ್ತಿದ್ದಾರೆ. ಬೆಲೆ 9 ಲಕ್ಷ ದಿರ್ಹಮ್. ಮೊದಲು ನೂರಕ್ಕೆ 20 ಕಟ್ಟಬೇಕು, ಉಳಿದದ್ದು ಕಂತಿನಲ್ಲಿ. ಇವತ್ತು ಸಂಜೆಯೊಳಗೆ ಬುಕಿಂಗ್ ಮಾಡಿದರೆ ರಿಯಾಯಿತಿ. ತಮ್ಮ ಆಗಲೇ ಕ್ರೆಡಿಟ್ ಕಾರ್ಡ್ ತೆಗೆದು ಟೇಬಲ್ ಮೇಲೆ ಇಟ್ಟಿದ್ದ.

ಕಾಕಾ ಹೇಳಿದ್ದು ಒಂದೇ ಮಾತು. "ಇಲ್ಲಿ ಹೊಲ ತಗೊಂಡ್ರ ನಾಳೆ ಮತ್ತ ಯಾವದರ ಯೋಜನೆ ಬರತೈತಿ. ಅಲ್ಲಿ ಯಾರೂ ಮುಳುಗಸೂದಿಲ್ಲಲ್ಲೋ ತಮ್ಮಾ."

ಹೊಲ ಕಳೆದುಕೊಂಡ ಮನುಷ್ಯನ ಮಾತು ಅದು. ಬೇಡ ಅಂತ ನಾನು ಹೇಳಲಿಲ್ಲ, ಹೇಳುವ ಕಾರಣವೂ ಇರಲಿಲ್ಲ. ದುಬೈನಲ್ಲಿ 2006ರ ಕಾನೂನಿನ ಪ್ರಕಾರ, ಗುರುತು ಮಾಡಿದ ಪ್ರದೇಶಗಳಲ್ಲಿ ಹೊರದೇಶದವರು ಪೂರ್ತಿ ಮಾಲೀಕತ್ವದಲ್ಲಿ ಆಸ್ತಿ ಕೊಳ್ಳಬಹುದು. ನಮ್ಮ ರಿಸರ್ವ್ ಬ್ಯಾಂಕೂ ಅದಕ್ಕೆ ದಾರಿ ಕೊಟ್ಟಿದೆ. ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಈ ಯೋಜನೆ 2004ರಲ್ಲಿ ಬಂದಾಗ ಮಿತಿ ಬರೀ 25 ಸಾವಿರ ಡಾಲರ್ ಇತ್ತು.

ನನ್ನ ತಕರಾರು ಬೇರೆ. ಮೇಳದವರು ಅಲ್ಲಿನ ಕಥೆಯನ್ನಷ್ಟೇ ಹೇಳಿದ್ದರು. ಸಮುದ್ರ, ಮೆಟ್ರೋ, ಬಾಡಿಗೆ, ತೆರಿಗೆ ಇಲ್ಲ. ಆದರೆ ಈ ವ್ಯವಹಾರದ ಅರ್ಧ ಭಾಗ ನಡೆಯೋದು ಬಾಗಲಕೋಟೆಯಲ್ಲೇ. ದುಡ್ಡು ಹೊರಡೋದು ಇಲ್ಲಿಂದ, ಪ್ರತಿ ವರ್ಷ ಲೆಕ್ಕ ಕೊಡಬೇಕಾದ್ದು ಇಲ್ಲಿ, ತಪ್ಪಾದರೆ ಹಿಡಿಯೋದೂ ಇಲ್ಲೇ. ಆ ಅರ್ಧದ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಮೊದಲು ಕಾರ್ಡ್ ಒಳಗೆ ಇಡು ಅಂದೆ. ಹೊರದೇಶದಲ್ಲಿ ಆಸ್ತಿ ಕೊಳ್ಳೋದು ಹೋಟೆಲ್ ಬಿಲ್ ಕಟ್ಟಿದ ಹಾಗಲ್ಲ. ಬ್ಯಾಂಕಿಗೆ ಹೋಗಿ, ಎ-2 ಫಾರ್ಮ್ ತುಂಬಿ, ಪ್ಯಾನ್ ಕೊಟ್ಟು, ಯಾತಕ್ಕೆ ಕಳಿಸುತ್ತಿದ್ದೇವೆ ಅಂತ ಬರೆದು ಕಳಿಸಬೇಕು. ಅದೂ ನಮ್ಮ ಸ್ವಂತ ದುಡ್ಡು. ಉಳಿದ ಕಂತಿಗೆ ಇಲ್ಲೇ ಪರ್ಸನಲ್ ಲೋನ್ ಮಾಡಿದರಾಯಿತು ಅಂತ ತಮ್ಮ ಲೆಕ್ಕ ಹಾಕಿದ್ದ. ಹೊರಗೆ ಆಸ್ತಿ ಕೊಳ್ಳಲಿಕ್ಕೆ ಇಲ್ಲಿನ ಬ್ಯಾಂಕುಗಳು ಸಾಲ ಕೊಡುವ ಹಾಗೇ ಇಲ್ಲ.

ಆಮೇಲೆ ಒಂದು ಹಾಳೆ ತೆಗೆದು ಲೆಕ್ಕ ಬರೆದೆವು. ಡಾಲರಿಗೆ 3.6725 ದಿರ್ಹಮ್ ಅಂತ ಅಲ್ಲಿ 1997ರಿಂದ ಕಟ್ಟಿ ಹಾಕಿದ್ದಾರೆ. ಅಂದರೆ ಒಬ್ಬರ ಒಂದು ವರ್ಷದ ಮಿತಿ ಸುಮಾರು 9 ಲಕ್ಷ 18 ಸಾವಿರ ದಿರ್ಹಮ್. ಫ್ಲಾಟಿನ ಬೆಲೆಯೇ 9 ಲಕ್ಷ. ಅದರ ಮೇಲೆ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನ ನೋಂದಣಿ ಶುಲ್ಕ 4%, ಅಂದರೆ 36 ಸಾವಿರ. ಒಂದೇ ವರ್ಷದಲ್ಲಿ ಒಬ್ಬರೇ ಕಳಿಸಿದರೆ ಅಲ್ಲಿಗೇ ಮಿತಿ ದಾಟುತ್ತದೆ. ಕಂತು ಎರಡು ಮೂರು ವರ್ಷಕ್ಕೆ ಹರಡಿದ್ದರಿಂದ ಇವರಿಗೆ ಆ ತೊಂದರೆ ಇರಲಿಲ್ಲ. ಆದರೆ ಕಟ್ಟಡ ಕೈಗೆ ಬಂದ ಮೇಲೂ ಕಂತು ಮುಂದುವರಿಯುವ ಕರಾರಾದರೆ, ಅದನ್ನು ಹೊರದೇಶದಲ್ಲಿ ಮಾಡಿದ ಸಾಲ ಅಂತ ನೋಡುವ ಅಪಾಯ ಇದೆ. ಸಹಿ ಹಾಕುವ ಮುಂಚೆ ಕರಾರನ್ನು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನು ಗೊತ್ತಿರುವ ವಕೀಲರಿಗೆ ತೋರಿಸಲೇಬೇಕು.

ಪುಸ್ತಕದ ಹಿಂದಿನ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಗೋಲ್ಡನ್ ವೀಸಾ ಅಂತ ಇತ್ತು. ಹತ್ತು ವರ್ಷದ ಆ ವೀಸಾ ಸಿಗಬೇಕಾದರೆ ಆಸ್ತಿಯ ಬೆಲೆ 20 ಲಕ್ಷ ದಿರ್ಹಮ್ ಇರಬೇಕು. ಗಂಡ ಹೆಂಡತಿ ಇಬ್ಬರ ಒಂದು ವರ್ಷದ ಮಿತಿ ಕೂಡಿಸಿದರೂ ಅಷ್ಟಾಗೋದಿಲ್ಲ. ಈ ಫ್ಲಾಟಿಗೂ ಆ ವೀಸಾಗೂ ಸಂಬಂಧವೇ ಇಲ್ಲ ಅಂತ ಗೊತ್ತಾದಾಗ ತಮ್ಮನ ಮುಖ ಸಪ್ಪಗಾಯಿತು. ಅವನಿಗೆ ಆಸೆ ಇದ್ದದ್ದೇ ಅದರ ಮೇಲೆ.

ಕಾಕಾನಿಗೆ ಎಲ್ಲಕ್ಕಿಂತ ಜಾಸ್ತಿ ತಾಗಿದ್ದು ಟಿಸಿಎಸ್, ಅಂದರೆ ದುಡ್ಡು ಹೊರಗೆ ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ. ಮೊದಲ ಕಂತು 1 ಲಕ್ಷ 80 ಸಾವಿರ ದಿರ್ಹಮ್, ನಮ್ಮ ದುಡ್ಡಿನಲ್ಲಿ ಸುಮಾರು 42 ಲಕ್ಷ ಅಂತ ಹಿಡಿದೆವು. ವರ್ಷಕ್ಕೆ 10 ಲಕ್ಷದವರೆಗೆ ಏನೂ ಇಲ್ಲ. ಅದರ ಮೇಲಿನ 32 ಲಕ್ಷಕ್ಕೆ ಬ್ಯಾಂಕಿನವರು 20% ಹಿಡಿಯುತ್ತಾರೆ. 6 ಲಕ್ಷ 40 ಸಾವಿರ!

"ಪರಿಹಾರದ ದುಡ್ಡಿಗೆ ಟ್ಯಾಕ್ಸ್ ಇಲ್ಲಂತ ನೀನ ಹೇಳಿದ್ದೆಲ್ಲ?" ಅಂದರು.

ಕಾಕಾ, ಆ ದುಡ್ಡು ಬಂದಾಗ ತೆರಿಗೆ ಇರಲಿಲ್ಲ ಅಂದೆ. ಇದು ಹೊರಗೆ ಕಳಿಸುವಾಗ ಹಿಡಿಯೋದು. ದುಡ್ಡು ಎಲ್ಲಿಂದ ಬಂತು ಅಂತ ಇಲ್ಲಿ ನೋಡೋದಿಲ್ಲ. ಐಟಿಆರ್, ಅಂದರೆ ಆದಾಯ ತೆರಿಗೆ ರಿಟರ್ನ್ ತುಂಬಿದರೆ ನಿಮ್ಮ ತೆರಿಗೆಗೆ ಹೊಂದಿಸಿ, ಉಳಿದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಸರ್ಕಾರದ ಹತ್ತಿರ. ಪ್ರತಿ ಕಂತಿಗೂ ಹೀಗೆಯೇ. ಕಾಕಾ ಜನ್ಮದಲ್ಲಿ ಐಟಿಆರ್ ತುಂಬಿದವರಲ್ಲ. ಇನ್ನು ಮುಂದೆ ಪ್ರತಿ ವರ್ಷ ತುಂಬಬೇಕು. ಅದರಲ್ಲಿ ಹೊರದೇಶದ ಆಸ್ತಿಗೆ ಅಂತಲೇ ಶೆಡ್ಯೂಲ್ ಎಫ್‌ಎ ಇದೆ. ಬಾಡಿಗೆ ಬರಲಿ, ಬಿಡಲಿ, ಬೀಗ ಹಾಕಿದ್ದರೂ ಸರಿ, ಅಲ್ಲಿ ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ಹೊರದೇಶದ ಸ್ವತ್ತಿಗೆ ಈ ದಂಡದಿಂದ ವಿನಾಯಿತಿ ಕೊಟ್ಟಿದ್ದಾರೆ, ಆದರೆ ಮನೆ, ಜಾಗಕ್ಕೆ ಅದು ಅನ್ವಯಿಸೋದಿಲ್ಲ. ಬಾಡಿಗೆಗೆ ದುಬೈನಲ್ಲಿ ಆದಾಯ ತೆರಿಗೆ ಇಲ್ಲ ಅನ್ನೋದು ನಿಜ. ನಾವು ಇಲ್ಲಿಯ ನಿವಾಸಿಗಳು, ಇಲ್ಲಿ ಆ ಬಾಡಿಗೆ ತೋರಿಸಬೇಕು ಅನ್ನೋದೂ ಅಷ್ಟೇ ನಿಜ.

ಈ ಮಾತು ಕೇಳಿ ತಮ್ಮ ಮೆಲ್ಲಗೆ ಇನ್ನೊಂದು ದಾರಿ ತೆಗೆದ. ಮೇಳದಲ್ಲಿ ಪರಿಚಯವಾದ ಒಬ್ಬರು, ಇಲ್ಲಿ ನಗದು ಕೊಡಿ, ಅಲ್ಲಿ ದಿರ್ಹಮ್ ಕಟ್ಟಿಸುತ್ತೇವೆ ಅಂದಿದ್ದರಂತೆ. ನನಗೆ ಸಿಟ್ಟು ಬಂತು. ಸಿಟ್ಟು ತಮ್ಮನ ಮೇಲಲ್ಲ, ಹೊಲ ಹೋದವನ ಮುಂದೆ ಇಂಥ ಮಾತು ಇಟ್ಟವರ ಮೇಲೆ. ಅದು ಹವಾಲಾ. ಸಿಕ್ಕಿಬಿದ್ದರೆ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಅದಕ್ಕಿಂತ ಘೋರವಾದದ್ದು, 2015ರಲ್ಲಿ ಫೆಮಾಗೆ ಸೇರಿಸಿದ 37ಎ ಕಲಮು. ಕಾನೂನು ಮೀರಿ ಹೊರಗೆ ಆಸ್ತಿ ಮಾಡಿದರೆ ಅಷ್ಟೇ ಬೆಲೆಯ ಆಸ್ತಿಯನ್ನು ಇಲ್ಲಿ ಜಪ್ತಿ ಮಾಡಬಹುದು. ದುಬೈ ಫ್ಲಾಟಿಗೆ ಬದಲಾಗಿ ನವನಗರದ ಮನೆ ಹೋಗಬಹುದು. ಒಮ್ಮೆ ಮುಳುಗಡೆ ಅನುಭವಿಸಿದ್ದು ಸಾಲದಾ?

ಇನ್ನು ದುಬೈ ಕಡೆಯ ಮಾತು. ಊರಲ್ಲಿ ಎರಡು ಎಕರೆ ಹೊಲ ಹಿಡಿಯಬೇಕಾದರೂ ಕಾಕಾ ಉತಾರ ತೆಗೆಸಿ, ಇಸಿ ನೋಡಿ, ಚೆಕ್ಕುಬಂದಿ ಓಡಾಡಿ, ಬಾಜೂ ಹೊಲದವನನ್ನು ಮಾತಾಡಿಸಿ ಆಮೇಲೆ ಸಂಚಕಾರ ಕೊಡುವ ಮನುಷ್ಯ. ಅದನ್ನೇ ಇಲ್ಲೂ ಮಾಡೋಣ ಅಂದೆ. ದುಬೈನ 2007ರ 8ನೇ ನಂಬರಿನ ಕಾನೂನಿನ ಪ್ರಕಾರ, ಕಟ್ಟುತ್ತಿರುವ ಕಟ್ಟಡಕ್ಕೆ ಗಿರಾಕಿಗಳು ಕೊಡುವ ದುಡ್ಡು ಆ ಯೋಜನೆಯ ಎಸ್ಕ್ರೋ ಖಾತೆಗೇ ಹೋಗಬೇಕು. ಕೆಲಸ ನಡೆದಂತೆ ಅದರಿಂದ ಬಿಲ್ಡರನಿಗೆ ಬಿಡುಗಡೆ ಆಗುತ್ತದೆ. ಯೋಜನೆ ನೋಂದಣಿ ಆಗಿದೆಯಾ, ಕೆಲಸ ಎಲ್ಲಿಗೆ ಬಂದಿದೆ ಅಂತ ದುಬೈ ರೆಸ್ಟ್ ಅನ್ನೋ ಸರ್ಕಾರಿ ಆ್ಯಪ್‌ನಲ್ಲಿ ನೋಡಬಹುದು. ಬುಕಿಂಗ್ ಆದ ಮೇಲೆ ಒಕೂದ್ ಅನ್ನೋ ತಾತ್ಕಾಲಿಕ ನೋಂದಣಿ ನಮ್ಮ ಹೆಸರಿಗೆ ಆಗಬೇಕು, ಕಟ್ಟಡ ಮುಗಿದ ಮೇಲೆ ಹಕ್ಕುಪತ್ರ.

ಬುಕಿಂಗ್ ಹಾಳೆಯ ಕೆಳಗೆ ದುಡ್ಡು ಕಟ್ಟಬೇಕಾದ ಖಾತೆ ಬರೆದಿದ್ದರು. ನಾನು ಅದರ ಮೇಲೆ ಬೆರಳಿಟ್ಟೆ. ಯೋಜನೆಯ ಹೆಸರಿಲ್ಲ, ಎಸ್ಕ್ರೋ ಅನ್ನೋ ಮಾತೂ ಇಲ್ಲ. ಮಾರಾಟ ಮಾಡುವ ಏಜೆನ್ಸಿಯ ಹೆಸರು ಇತ್ತು. ತಮ್ಮ ಅಲ್ಲೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೇಳಿದ. ಆ ಕಡೆಯವರು ಬಹಳ ನಯವಾಗಿ ಹೇಳಿದರು: ಸದ್ಯ ನಮ್ಮ ಖಾತೆಗೆ ಹಾಕಿ ಸರ್, ಆಮೇಲೆ ಬಿಲ್ಡರಿಗೆ ನಾವೇ ಕಳಿಸುತ್ತೇವೆ. ಎಸ್ಕ್ರೋ ಖಾತೆಯ ವಿವರ ಮೊದಲು ಕಳಿಸಿ ಅಂದದ್ದಕ್ಕೆ, ರಿಯಾಯಿತಿ ಇವತ್ತೇ ಕೊನೆ ಅಂತ ಮತ್ತೆ ಅದೇ ಮಾತು.

ಕಾಕಾ ಫೋನ್ ಇಸಕೊಂಡರು. "ರಿಯಾಯಿತಿ ಇರಲಿ ಬಿಡ್ರಿ. ರೊಕ್ಕ ಎಲ್ಲಿ ಹೊಕ್ಕೈತಿ ಅಂತ ಗೊತ್ತಾಗಲಾರದ ಸಂಚಕಾರ ಕೊಡೂ ಪದ್ಧತಿ ನಮ್ಮ ಕಡೆ ಇಲ್ಲ" ಅಂದು ಇಟ್ಟುಬಿಟ್ಟರು.

ಊಟ ಮುಗಿಸಿ ಬ್ಯಾಂಕಿಗೂ ಹೋದೆವು. ಅಲ್ಲಿ ವಿದೇಶಿ ವಿನಿಮಯದ ಕೆಲಸ ಇಲ್ಲ, ದೊಡ್ಡ ಶಾಖೆಗೆ ಕಳಿಸಬೇಕು ಅಂದರು. ಮ್ಯಾನೇಜರ್ ಮೇಡಂ ತಾಳ್ಮೆಯಿಂದ ಇನ್ನೊಂದು ವಿಷಯ ಹೇಳಿದರು. ಇಂಥ ಕೆಲಸಕ್ಕೆ ದುಡ್ಡು ಕಳಿಸುವವರ ಖಾತೆ ಆ ಬ್ಯಾಂಕಿನಲ್ಲಿ ಕನಿಷ್ಠ ಒಂದು ವರ್ಷದ್ದಾಗಿರಬೇಕು. ಪರಿಹಾರಕ್ಕೆಂದೇ ತೆರೆದ ಕಾಕಾನ ಖಾತೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಹಳೆಯ ಬ್ಯಾಂಕಿನ ಸ್ಟೇಟ್‌ಮೆಂಟು, ಪರಿಹಾರದ ಆದೇಶದ ನಕಲು ತಂದರೆ ವಿಚಾರಣೆ ಮಾಡಿ ನೋಡುತ್ತೇವೆ ಅಂದರು.

ಬ್ಯಾಂಕಿನ ಬೆಂಚಿನ ಮೇಲೆ ಕೂತಿದ್ದ ಕಾಕು ಆವರೆಗೆ ಒಂದು ಮಾತೂ ಆಡಿರಲಿಲ್ಲ. ಆಗ ಕೇಳಿದರು. "ಅದೆಲ್ಲಾ ಖರೆ. ಫ್ಲಾಟು ಯಾರ ಹೆಸರಲೆ ಮಾಡಾವರು?"

ತಮ್ಮನ ಹತ್ತಿರ ಪಾಸ್‌ಪೋರ್ಟ್ ಇದೆ, ಅದಕ್ಕೇ ಅವನ ಹೆಸರಲ್ಲಿ ಅಂತ ತಂದೆ ಮಗ ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರಂತೆ. ಕಾಕಾ ಮಗನಿಗೆ ದುಡ್ಡು ಕೊಡೋದು, ಮಗ ತನ್ನ ಮಿತಿಯಲ್ಲಿ ಕಳಿಸೋದು. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ.

"ಹೊಲ ಇವರ ಅಪ್ಪ ಅಜ್ಜಂದು. ಜಮಖಂಡಿಗೆ ಕೊಟ್ಟ ಮಗಳದೂ ಪಾಲೈತಿ. ಇಲ್ಲಿ ಹೊಲ ಇದ್ದಿದ್ರ ಉತಾರದಾಗ ಹೆಸರು ಏರಸ್ತಿದ್ವಿ. ಅಲ್ಲಿ ಆಕಿ ಹೆಸರು ಎಲ್ಲೈತಿ?"

ಆ ದಿನ ಬಂದ ಪ್ರಶ್ನೆಗಳಲ್ಲಿ ಇದೇ ದೊಡ್ಡದು ಅಂತ ನನಗೆ ಅನಿಸಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ಹೊಲವೇ ಇವತ್ತು ಪರಿಹಾರದ ದುಡ್ಡಾಗಿದೆ. ಅದು ದಿರ್ಹಮ್ ಆಗಿ ಒಬ್ಬನ ಹೆಸರಿಗೆ ಹೋಗಿಬಿಟ್ಟರೆ, ನಾಳೆ ಅಕ್ಕ ಪಾಲು ಕೇಳೋದು ಎಲ್ಲಿ? ಇಲ್ಲಿನ ಕೋರ್ಟಿನಲ್ಲೋ, ದುಬೈನಲ್ಲೋ? ಮನೆಯವರ ಮಿತಿ ಕೂಡಿಸಿ ಕೊಳ್ಳುವುದಾದರೆ ರಿಸರ್ವ್ ಬ್ಯಾಂಕಿನ ನಿಯಮವೂ ಇದಕ್ಕೆ ಹತ್ತಿರದ್ದೇ. ದುಡ್ಡು ಕಳಿಸಿದವರೆಲ್ಲ ಆ ಆಸ್ತಿಗೆ ಮಾಲೀಕರಾಗಿರಬೇಕು. ಜೊತೆಗೆ ಅಲ್ಲಿನ ವಾರಸಾ ಕಾನೂನು ಬೇರೆ. ಮುಸ್ಲಿಮೇತರರು ಅಲ್ಲಿಯೇ ಉಯಿಲು ನೋಂದಾಯಿಸುವ ವ್ಯವಸ್ಥೆ ಇದೆ. ಕೊಂಡ ಮೇಲೆ ಆ ಕೆಲಸ ಬಿಡುವ ಹಾಗಿಲ್ಲ.

ತಮ್ಮ ಕೆಟ್ಟವನಲ್ಲ. ತಲೆ ಬಗ್ಗಿಸಿ ಕೇಳಿಸಿಕೊಂಡ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ, ವಿಷಯ ಪೂರ್ತಿ ಹೇಳಿದ. ಅವಳು ಕೊಳ್ಳಬೇಡಿ ಅನ್ನಲಿಲ್ಲ. ಅಪ್ಪ ಮೊದಲು ಹೋಗಿ ಕಣ್ಣಿಂದ ನೋಡಿ ಬರಲಿ ಅಂದಳು. 2008ರ ನಂತರ ಅಲ್ಲಿ ಎಷ್ಟೋ ಕಡೆ ಬೆಲೆ ಅರ್ಧಕ್ಕೆ ಇಳಿದದ್ದು, ಅರ್ಧಂಬರ್ಧ ಕಟ್ಟಡಗಳು ನಿಂತದ್ದು ಅವಳಿಗೂ ಗೊತ್ತಿತ್ತು. ಅವಳ ಗಂಡನ ಕಡೆಯವರೊಬ್ಬರು ಆಗ ಅಲ್ಲೇ ಕೆಲಸದಲ್ಲಿದ್ದರಂತೆ. ವರ್ಷಾ ವರ್ಷಾ ಕಟ್ಟಬೇಕಾದ ಸರ್ವಿಸ್ ಚಾರ್ಜ್ ಎಷ್ಟು ಅಂತ ಕೇಳಿದಳು. ಚದರಡಿಗೆ 15 ದಿರ್ಹಮ್ ಅಂತ ಹಿಡಿದರೂ 700 ಚದರಡಿಗೆ ಹತ್ತೂವರೆ ಸಾವಿರ, ಹತ್ತಿರ ಹತ್ತಿರ ಎರಡೂವರೆ ಲಕ್ಷ ರೂಪಾಯಿ. ಬಾಡಿಗೆಯಲ್ಲಿ ಅದನ್ನು ಕಳೆದು ಹೇಳು ಅಂದಳು ತಮ್ಮನಿಗೆ. ಮೇಳದವರ ಹಾಳೆಯಲ್ಲಿ ಅದನ್ನು ಕಳೆದಿರಲಿಲ್ಲ.

ಈಗ ಕಾಕಾ ಮತ್ತು ಕಾಕು ಇಬ್ಬರ ಪಾಸ್‌ಪೋರ್ಟ್ ಕೆಲಸ ನಡೆದಿದೆ. ಉತಾರದಲ್ಲಿ ಕಾಕಾನ ಹೆಸರಿಗೆ ಅಜ್ಜನ ಹೆಸರು ಸೇರಿದೆ, ಆಧಾರ್‌ನಲ್ಲಿ ಅಡ್ಡಹೆಸರು ಮುಂದೆ ಬಂದಿದೆ, ಪ್ಯಾನ್‌ನಲ್ಲಿ ಒಂದು ಅಕ್ಷರವೇ ಬೇರೆ. ಎಲ್ಲ ಒಂದೇ ಆಗದೆ ಬ್ಯಾಂಕೂ ಒಪ್ಪೋದಿಲ್ಲ, ದುಬೈನ ನೋಂದಣಿಯವರೂ ಒಪ್ಪೋದಿಲ್ಲ. ಮೊದಲು ಪ್ಯಾನ್ ತಿದ್ದಲಿಕ್ಕೆ ಹಾಕಿದ್ದೇವೆ. ಪರಿಹಾರದ ದುಡ್ಡು ಸದ್ಯಕ್ಕೆ ಠೇವಣಿಯಲ್ಲಿದೆ, ನಾಮಿನಿಯಾಗಿ ಮಗಳ ಹೆಸರು ಬರೆಸಿದ್ದಾರೆ.